ದಂಡಂ ದಶಗುಣಂ ಎನ್ನುವ ಮುನ್ನ

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ವಸತಿ ವೇದಶಾಲೆಯೊಂದರ ದೃಶ್ಯಗಳು 2025ರ ಅಕ್ಟೋಬರ್‌ನಲ್ಲಿ ನಾಡಿನಾದ್ಯಂತ ಹರಿದಾಡಿದವು. ಮನೆಯವರಿಗೆ ದೂರವಾಣಿ ಕರೆ ಮಾಡಿದನೆಂಬ ಕಾರಣಕ್ಕೆ ಪುಟ್ಟ ಬಾಲಕನೊಬ್ಬನನ್ನು ಶಿಕ್ಷಕರೊಬ್ಬರು ಥಳಿಸಿದ ದೃಶ್ಯಗಳವು. ಪ್ರಕರಣ ದಾಖಲಾಯಿತು, ಬಂಧನವೂ ಆಯಿತು. ಆಕ್ರೋಶ ತಣ್ಣಗಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನಿಯಮ ಮೀರಿದ ಮಗುವನ್ನು ಹೊಡೆಯಬಾರದೆಂದಾದರೆ ಶಿಕ್ಷಕರು ಮಾಡಬೇಕಾದುದೇನು?

ಹೊಡೆಯಬಾರದು ಎಂಬುದನ್ನು ಕಾನೂನು ಎಂದೋ ಹೇಳಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕಸಿದುಕೊಂಡ ವ್ಯವಸ್ಥೆ ಅದರ ಜಾಗದಲ್ಲಿ ಶಿಕ್ಷಕರ ಕೈಗೆ ಏನನ್ನು ಕೊಟ್ಟಿತು ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿಲ್ಲ.

ಪ್ರತಿ ವರ್ತನೆಗೂ ಒಂದು ಉದ್ದೇಶವಿರುತ್ತದೆ ಎಂಬುದು ವರ್ತನಾ ವಿಜ್ಞಾನದ ಮೊದಲ ಪಾಠ. ಗಟ್ಟಿಯಾಗಿ ಓದುವ ಸರದಿ ಬಂದಾಗಲೆಲ್ಲ ಪಕ್ಕದವನನ್ನು ಚಿವುಟುವ ಹುಡುಗನನ್ನು ಊಹಿಸಿಕೊಳ್ಳಿ. ಶಿಕ್ಷಕರು ಅವನನ್ನು ಹೊರಗೆ ನಿಲ್ಲಿಸುತ್ತಾರೆ. ಓದಲು ಬಾರದ ಅವಮಾನದಿಂದ ಪಾರಾಗುವುದೇ ಅವನಿಗೆ ಬೇಕಿತ್ತು; ಶಿಕ್ಷೆಯೇ ಅದನ್ನು ಒದಗಿಸಿತು! ನಾಳೆ ಅವನು ಮತ್ತೆ ಚಿವುಟದಿರುತ್ತಾನೆಯೇ? ತುಂಟಾಟ ಯಾವ ಪಿರಿಯಡ್‌ನಲ್ಲಿ, ಯಾವುದರ ಬೆನ್ನಿಗೆ ನಡೆಯಿತು, ಅದರಿಂದ ಮಗುವಿಗೆ ದೊರೆತದ್ದೇನು ಎಂದು ಎರಡು ವಾರ ಬರೆದಿಟ್ಟುಕೊಂಡರೆ ಕಾರಣ ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ.

ಅನೇಕ ದೇಶಗಳ ಶಾಲೆಗಳು ಇದನ್ನು ಮೂರು ಹಂತಗಳಲ್ಲಿ ಅನುಸರಿಸುತ್ತವೆ. ಎಲ್ಲ ಮಕ್ಕಳಿಗೂ ಸ್ಪಷ್ಟವಾದ ಕೆಲವೇ ನಿಯಮಗಳು ಮೊದಲ ಹಂತ. ಅಷ್ಟು ಸಾಲದ ಕೆಲವರಿಗೆ ಬೆಳಿಗ್ಗೆ ಎರಡು ನಿಮಿಷ, ಸಂಜೆ ಎರಡು ನಿಮಿಷ ಒಬ್ಬ ನಿಗದಿತ ಶಿಕ್ಷಕರೊಡನೆ ಮಾತು. ಅಂದಿನ ಗುರಿ, ಅಂದಿನ ಸಾಧನೆ, ಒಂದು ಶಹಭಾಸ್. ಇದು ಎರಡನೆಯದು. ತೀರಾ ತೊಂದರೆಯಲ್ಲಿರುವ ಒಬ್ಬಿಬ್ಬರಿಗಷ್ಟೇ ಪೋಷಕರು ಹಾಗೂ ತಜ್ಞರು ಕೂಡಿ ರೂಪಿಸುವ ಪ್ರತ್ಯೇಕ ಯೋಜನೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಬಯಲುಸೀಮೆಯ ತಾಲ್ಲೂಕುಗಳಿಗೆ ಇದು ಹೆಚ್ಚು ಅಗತ್ಯವೆಂದು ನಾನು ಭಾವಿಸುತ್ತೇನೆ. ಮಳೆ ಕೈಕೊಟ್ಟ ವರ್ಷ ದುಡಿಮೆ ಅರಸಿ ಹೊರಟ ತಂದೆತಾಯಿ ಮಗುವನ್ನು ಅಜ್ಜಿಯ ಬಳಿ ಬಿಟ್ಟಿರಬಹುದು. ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗು ಹಿಂದಿರುಗಿದಾಗ ಪಾಠ ಬಹು ದೂರ ಸಾಗಿರುತ್ತದೆ. ಕೆಲವರಿಗೆ ಕಿವಿ ಮಂದವಿರಬಹುದು, ಕೆಲವರಿಗೆ ಕಲಿಕಾ ನ್ಯೂನತೆಯಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಇವರೆಲ್ಲರಿಗೂ ನಾವು ಅಂಟಿಸುವ ಹಣೆಪಟ್ಟಿ ಮಾತ್ರ ಒಂದೇ: ‘ಪೋಲಿ’.

ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಿಕ್ಷಕರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಒಬ್ಬನ ಗದ್ದಲಕ್ಕೆ ಇಡೀ ತರಗತಿ ದಿನವೂ ಕಳೆದುಕೊಳ್ಳುವ ಸಮಯದ ಮುಂದೆ ನಾಲ್ಕು ನಿಮಿಷ ದೊಡ್ಡದಲ್ಲ. ಮೂರನೇ ಹಂತದ ಭಾರವನ್ನಂತೂ ಶಿಕ್ಷಕರೊಬ್ಬರ ಹೆಗಲಿಗೇ ಹೊರಿಸಬಾರದು. ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ನೆರವನ್ನು ವರ್ತನೆಯ ಸಮಸ್ಯೆಗಳಿಗೂ ವಿಸ್ತರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಗೆ ಇಂಥ ಮಕ್ಕಳ ಹೆಸರು ಮೊದಲು ಹೋಗಬೇಕು. ಚಿತ್ರದುರ್ಗದ ಡಯಟ್ ಪ್ರತಿ ಕ್ಲಸ್ಟರ್‌ಗೆ ಒಬ್ಬ ಶಿಕ್ಷಕರನ್ನಾದರೂ ಈ ವಿಧಾನದಲ್ಲಿ ಪಳಗಿಸಲಿ.

ಶಾಲೆಗಳಿಗೆ ಆಪ್ತಸಮಾಲೋಚಕರೂ ಸಮಾಜ ಕಾರ್ಯಕರ್ತರೂ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ರಾಜ್ಯ ಸರ್ಕಾರ ಆ ನೀತಿಯನ್ನು ಒಪ್ಪಲಿ, ಬಿಡಲಿ. ತಾಲ್ಲೂಕಿಗೊಬ್ಬ ಆಪ್ತಸಮಾಲೋಚಕರನ್ನು ನೇಮಿಸಲು ಯಾವ ನೀತಿಯೂ ಅಡ್ಡಬರುವುದಿಲ್ಲ. ಇಂದು ತರಗತಿಯ ಹೊರಗೆ ನಿಂತಿರುವ ಹುಡುಗ ನಾಳೆ ಶಾಲೆಯಿಂದಲೇ ಹೊರಗುಳಿಯುತ್ತಾನೆ. ಹಾಜರಿ ಪುಸ್ತಕದಿಂದ ಅವನ ಹೆಸರು ಅಳಿಸಿಹೋಗುವ ಮೊದಲೇ ಆ ನೇಮಕ ಆಗಬೇಕು.