ಮದುವೆಯೊಂದಿಗೆ ಮುಗಿಯುವ ಕತೆಗಳು

ಬಾಲ್ಯದಲ್ಲಿ ಕೇಳಿದ ಕತೆಗಳು ದೊಡ್ಡವರಾದ ಮೇಲೆ ಮರೆತುಹೋಗುತ್ತವೆಂದು ನಾವು ಭಾವಿಸುತ್ತೇವೆ. ಆದರೆ ಅವು ನಿರೀಕ್ಷೆಗಳ ರೂಪ ತಾಳಿ ಮನಸ್ಸಿನಲ್ಲಿಯೇ ನೆಲೆಸಿರುತ್ತವೆ. ರಾಜಕುಮಾರ ಬರುತ್ತಾನೆ, ಮೊದಲ ನೋಟದಲ್ಲೇ ಒಲಿಯುತ್ತಾನೆ, ಮದುವೆ ನಡೆಯುತ್ತದೆ, ಎಲ್ಲರೂ ಸುಖವಾಗಿರುತ್ತಾರೆ. ಇದನ್ನೇ ಕೇಳುತ್ತ ಬೆಳೆದ ಹುಡುಗ ಹುಡುಗಿಯರು ಬಲಿಪೀಠದ ಮುಂದೆ ಕೈ ಹಿಡಿದು ನಿಂತಾಗ, ಇನ್ನು ಸುಖವು ತಾನಾಗಿಯೇ ಬರುವುದೆಂದು ನಂಬಿದರೆ ಆಶ್ಚರ್ಯವೇನು?

ಹಳೆಯ ಕತೆಗಳೆಲ್ಲವೂ ಹೀಗೆ ಮದುವೆಗೇ ಮುಗಿಯುತ್ತಿರಲಿಲ್ಲ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ 'ನಿದ್ರಿಸುವ ಸುಂದರಿ'ಯಲ್ಲಿ ಸಂಕಟವು ಮದುವೆಯ ನಂತರವೂ ಕಾದಿರುತ್ತದೆ. ಗಂಡ ಯುದ್ಧಕ್ಕೆ ಹೋದಾಗ, ರಾಕ್ಷಸ ಕುಲದ ಅತ್ತೆ ಸೊಸೆಯನ್ನೂ ಮೊಮ್ಮಕ್ಕಳನ್ನೂ ತಿನ್ನಲು ಹೊಂಚುತ್ತಾಳೆ. 1959ರ ಡಿಸ್ನಿ ಚಿತ್ರವು ಈ ಭಾಗವನ್ನೆಲ್ಲ ಬಿಟ್ಟು, ಜೋಡಿಯ ನೃತ್ಯದೊಂದಿಗೆ ಮುಗಿಯಿತು.

ನಮ್ಮ ನಾಡಿನ ಹೆಂಗಸರು ಹೇಳುತ್ತ ಬಂದ, ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕತೆಯೂ ಅಷ್ಟೆ. ರಾಜಕುಮಾರ ಅವಳನ್ನು ಬೇಗನೆ ಮದುವೆಯಾಗುತ್ತಾನೆ. ಆದರೆ ಅವನಿಗೆ ಹೂವಿನ ಮೇಲೆ ಇದ್ದಷ್ಟು ಗಮನ ಅವಳ ಮೇಲೆ ಇಲ್ಲ. ಮುಂದೆ ನಾದಿನಿಯೂ ಅವಳ ಗೆಳತಿಯರೂ ಮರದ ಕೊಂಬೆಗಳನ್ನು ಮುರಿದುಹಾಕಿ, ಆಕೆ ಕೈಕಾಲಿಲ್ಲದವಳಾಗುತ್ತಾಳೆ. ಬಹುಕಾಲ ಅಲೆದ ಗಂಡ ಕೊನೆಗೆ ತನ್ನ ಕೈಯಾರೆ ನೀರೆರೆದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿದಾಗಲೇ ಅವಳು ಮತ್ತೆ ಪೂರ್ಣಳಾಗುವುದು.

ದೂರದರ್ಶನದ ಪರದೆಯಲ್ಲಿ ಈ ಜೋಡಿಸುವ ಕೆಲಸ ಕಾಣುವುದು ಅಪರೂಪ. ಅಲ್ಲಿ ವಾರಗಟ್ಟಲೆ ಮದುವೆಯ ಸಡಗರ ನಡೆಯುತ್ತದೆ. ಅದು ಮುಗಿದೊಡನೆ ಅತ್ತೆ ಸೊಸೆಯರ ಪಿತೂರಿ ಆರಂಭವಾಗುತ್ತದೆ. ತಿಂಗಳ ಕೊನೆಯ ಖರ್ಚಿನ ಲೆಕ್ಕ, ಜ್ವರ ಬಂದ ಮಗುವಿನ ಪಕ್ಕದ ಜಾಗರಣೆ, ಮಾತು ಬಿಟ್ಟ ಎರಡು ದಿನಗಳ ನಂತರ ಮೌನವಾಗಿ ಮುಂದಿಟ್ಟ ಒಂದು ಲೋಟ ಕಾಫಿ, ಇವು ಕತೆಯಾಗುವುದಿಲ್ಲ. ಆದ್ದರಿಂದಲೇ ಮೊದಲ ಜಗಳವಾದಾಗ ಎಳೆಯ ದಂಪತಿಗಳು, ಪ್ರೀತಿಯೇ ಸತ್ತಿತೆಂದೋ ತಪ್ಪು ವ್ಯಕ್ತಿಯನ್ನು ಆರಿಸಿಕೊಂಡೆವೆಂದೋ ಕಂಗೆಡುತ್ತಾರೆ.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2016ರ 'ಆಮೋರಿಸ್ ಲೆತೀಸಿಯಾ'ದಲ್ಲಿ, ಬೆಳೆಯಬೇಕಾದ ಅಗತ್ಯವೇ ಇಲ್ಲದ ಪರಿಪೂರ್ಣ ಪ್ರೀತಿಯ ಕನಸು ಕಾಣುವುದು ಹಿತವಲ್ಲವೆಂದು ಎಚ್ಚರಿಸಿದ್ದಾರೆ. ಹಾಗೆಂದು ಬೆಳೆಯುವ ತನಕ ಎಲ್ಲವನ್ನೂ ಸಹಿಸಬೇಕೆಂದು ಇದರ ಅರ್ಥವಲ್ಲ. ಹೊಡೆಯುವ ಕೈ ಒಂದು ದಿನ ತಾನಾಗಿಯೇ ರಾಜಕುಮಾರನ ಕೈಯಾಗುವುದೆಂದು ಕಾಯಿರಿ ಎಂದು ಯಾವ ಹೆಣ್ಣುಮಗಳಿಗೂ ನಾವು ಹೇಳಬಾರದು. ಅದೂ ಒಂದು ಅಪಾಯಕರವಾದ ಕಟ್ಟುಕತೆಯೇ.

ಮಕ್ಕಳಿಂದ ಕತೆಗಳನ್ನು ಕಸಿದುಕೊಳ್ಳಬೇಕಾಗಿಲ್ಲ. ಒಳ್ಳೆಯತನವನ್ನು ಯಾರಾದರೂ ಗುರುತಿಸುವರೆಂಬ ಭರವಸೆ ಅವುಗಳಲ್ಲಿದೆ. ಕೊರತೆಯಿರುವುದು ನಮ್ಮಲ್ಲಿ. ತಂದೆತಾಯಿಗಳಾದ ನಾವು ಮಕ್ಕಳಿಗೆ ಮದುವೆಯ ಆಲ್ಬಮ್ ತೋರಿಸುತ್ತೇವೆ. ಅದರ ನಂತರದ ವರ್ಷಗಳನ್ನು ಮರೆಮಾಚುತ್ತೇವೆ. ಅವರ ಕಿವಿಗೆ ನಮ್ಮ ಜಗಳ ಬೀಳುತ್ತದೆ, ಕ್ಷಮೆ ಕೇಳಿದ ಮಾತು ಬೀಳುವುದಿಲ್ಲ. ಇಂದು ರಾತ್ರಿ ಊಟದ ನಂತರ ಟಿ.ವಿ. ಆರಿಸಿ, ನಾವು ಹೇಗೆ ಮುನಿದೆವು, ಯಾರು ಮೊದಲು ಸೋತು ಮಾತನಾಡಿದೆವು ಎಂಬುದನ್ನು ಅವರಿಗೆ ಹೇಳೋಣ. ಕತೆಯ ಉಳಿದರ್ಧವನ್ನು ಅವರು ನಮ್ಮಿಂದಲ್ಲದೆ ಮತ್ತಾರಿಂದ ಕೇಳಬೇಕು?