ಅಪ್ಪನ ಕತ್ತಿ, ನನ್ನ ಗಲ್ಲ

ಓದು ಮುಗಿಸಿ ಕೆಲಸ ಹುಡುಕುವವನ ಖರ್ಚಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಬಾಬ್ತು ಇದೆ: ಗಡ್ಡ. ಅರ್ಜಿ ಶುಲ್ಕ, ಬಸ್ ಚಾರ್ಜು, ಝೆರಾಕ್ಸ್ ಇವನ್ನೆಲ್ಲ ಅಮ್ಮನ ಹತ್ತಿರ ಬಾಯಿಬಿಟ್ಟು ಕೇಳಬಹುದು. ‘ಶೇವಿಂಗ್ ಕಾರ್ಟ್ರಿಜ್ ತಗೋಬೇಕು, ಐನೂರು ಕೊಡಮ್ಮ’ ಎಂದು ಕೇಳಲು ಮಾತ್ರ ನನಗೆ ಬಾಯಿ ಬರುತ್ತಿರಲಿಲ್ಲ. ಅದೂ ನಮ್ಮ ಮನೆಯಲ್ಲಿ! ನಮ್ಮಪ್ಪ ಮೂವತ್ತೈದು ವರ್ಷ ಊರಿನವರ ಗಡ್ಡ ಬೋಳಿಸಿಯೇ ನನ್ನನ್ನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಸಿದವರು.

ಹಾಗಿದ್ದೂ ಕಾಲೇಜು ಸೇರಿದ ಮೇಲೆ ನಾನು ಅಪ್ಪನ ಅಂಗಡಿಯ ಕುರ್ಚಿಯಲ್ಲಿ ಕೂತವನಲ್ಲ. ಗೆಳೆಯರು ಯಾರಾದರೂ ಬಂದುಬಿಟ್ಟರೆ ಎಂಬ ಅಳುಕು. ಮೂರು ಅಲಗಿನ ರೇಜರ್ ಕೊಂಡು, ಒಂದೇ ಕಾರ್ಟ್ರಿಜ್ಜನ್ನು ಒಂದೂವರೆ ತಿಂಗಳು ಎಳೆದಾಡುತ್ತಿದ್ದೆ. ನನ್ನದು ಗುಂಗುರು ಗಡ್ಡ. ಸಾಲಾಗಿ ಜೋಡಿಸಿದ ಅಲಗುಗಳು ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತವೆ. ಗುಂಗುರು ಕೂದಲು ಮತ್ತೆ ಬೆಳೆಯುವಾಗ ಹೊರಗೆ ಬಾರದೆ ಒಳಗೇ ಬಾಗಿಕೊಳ್ಳುತ್ತದೆ. ಕುತ್ತಿಗೆ ತುಂಬಾ ಕೆಂಪು ಗುಳ್ಳೆ.

ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋದದ್ದು ಆ ಗುಳ್ಳೆಗಳ ಜತೆಗೇ. ‘ತಂದೆ ಏನು ಮಾಡ್ತಾರೆ?’ ಎಂದರು. ‘ಬಿಸಿನೆಸ್ ಸರ್’ ಎಂದೆ. ಅದಾದ ಮೇಲೆ ಟೂಲ್ ವೇರ್ ಎಂದರೇನು ಎಂದು ಕೇಳಿದರು. ಉಪಕರಣದ ಅಂಚು ಸವೆಯುವುದು ಹೇಗೆ, ಎಷ್ಟು ವಿಧ ಎಂದು ನೋಟ್ಸಿನಲ್ಲಿದ್ದದ್ದನ್ನೆಲ್ಲ ಗಡಗಡ ಒಪ್ಪಿಸಿದೆ. ‘ನೀವೇ ಕಣ್ಣಾರೆ ಕಂಡ ಒಂದು ಉದಾಹರಣೆ ಹೇಳಿ’ ಎಂದರು. ನಾನು ಫ್ಯಾನ್ ನೋಡುತ್ತಾ ಕೂತೆ. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಇದನ್ನು ಹೇಳಲಿಲ್ಲ. ಕುತ್ತಿಗೆ ನೋಡಿದ ಅಪ್ಪ ತಾವಾಗಿಯೇ ಅಟ್ಟದಿಂದ ಅಜ್ಜನ ಹಡಪ ಇಳಿಸಿದರು. ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಭತ್ತ ಇಸಿದುಕೊಂಡು ಬರುತ್ತಿದ್ದವರು. ಒಳಗೆ ಎರಡು ಮಡಚುವ ಕತ್ತಿಗಳು, ಒಂದು ಕರಿಯ ಸಾಣೆಕಲ್ಲು, ಒಂದು ತೊಗಲಿನ ಪಟ್ಟಿ. ಒಂದು ಕತ್ತಿಯ ಬುಡದಲ್ಲಿ ‘ಸೋಲಿಂಗೆನ್’ ಎಂಬ ಅಕ್ಷರ. ಜರ್ಮನಿಯ ಆ ಊರಿನ ಹೆಸರನ್ನು ಬೇರೆ ಕಡೆ ಮಾಡಿದ ಕತ್ತಿಗಳ ಮೇಲೆ ಒತ್ತಬಾರದೆಂದು ಅಲ್ಲಿ 1938ರಲ್ಲೇ ಕಾನೂನು ಬಂದಿದೆ. ಅದು ನಮ್ಮಜ್ಜನ ಕೈಗೆ ಹೇಗೆ ಬಂತೋ, ಅಪ್ಪನಿಗೂ ತಿಳಿಯದು.

ಅಂಗಡಿ ಶುರು ಮಾಡಿದ ಹೊಸತರಲ್ಲಿ ಅಪ್ಪನೂ ಅವನ್ನೇ ಬಳಸುತ್ತಿದ್ದರಂತೆ. ಆಮೇಲೆ ಏಡ್ಸ್ ಬಗ್ಗೆ ತಿಳಿವಳಿಕೆ ಹಬ್ಬಿತು, ಗಿರಾಕಿಗಳೇ ‘ಹೊಸ ಬ್ಲೇಡ್ ಹಾಕಪ್ಪ’ ಎನ್ನತೊಡಗಿದರು. ಬ್ಲೇಡನ್ನು ಎರಡು ತುಂಡು ಮಾಡಿ ಸಿಕ್ಕಿಸುವ ಕತ್ತಿ ಬಂತು. ಅದು ಸರಿಯಾದ ಬದಲಾವಣೆ. ಒಬ್ಬರಿಗೆ ಬಳಸಿದ ಅಲಗು ಇನ್ನೊಬ್ಬರ ಚರ್ಮಕ್ಕೆ ತಾಗಲೇಬಾರದು, ಅಪ್ಪ ಮಗ ಆದರೂ ಅಷ್ಟೇ. ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಒಬ್ಬನೇ ಇಟ್ಟುಕೊಳ್ಳುವ ಸ್ವಂತ ಕತ್ತಿಯ ಮಾತು.

ಅಪ್ಪ ಕತ್ತಿ ಕೊಟ್ಟು ‘ನಾಳೆ ಹೇಳಿಕೊಡ್ತೀನಿ’ ಎಂದರು. ಎಂಜಿನಿಯರ್ ಮಗನಿಗೆ ನಾಳೆಯವರೆಗೆ ಕಾಯುವ ತಾಳ್ಮೆ ಎಲ್ಲಿಯದು? ಹಾರ್ಡ್‌ವೇರ್ ಅಂಗಡಿಯಿಂದ 1000 ಗ್ರಿಟ್‌ನ ಕಲ್ಲು ತಂದು, ಎರಡು ವಿಡಿಯೊ ನೋಡಿ, ಅಡುಗೆಮನೆಯ ಚಾಕು ಮಸೆಯುವ ಹಾಗೆ ಬೆನ್ನು ಎತ್ತಿ, ಒತ್ತಿ ಮಸೆದೆ. ಬೆಳಗ್ಗೆ ಅಪ್ಪ ಅಲಗನ್ನು ಬೆಳಕಿಗೆ ಹಿಡಿದು ನೋಡಿದರು. ‘ಇದೇನೋ, ಮಚ್ಚು ಅಂದ್ಕೊಂಡ್ಯಾ?’ ಎಂದವರು ಮತ್ತೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಅಂಗಡಿಗೆ ರಜ. ಇಡೀ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಕೂತು ನಾನು ಕೆಡಿಸಿದ್ದನ್ನು ಸರಿಮಾಡಿದರು. ಆಗಲೇ ನಾನು ಮೊದಲ ಬಾರಿಗೆ ಕತ್ತಿಯನ್ನು ಸರಿಯಾಗಿ ನೋಡಿದ್ದು. ಅದರ ಬೆನ್ನು ದಪ್ಪ, ಎರಡು ಬದಿ ಒಳಕ್ಕೆ ಕೊರೆದಿರುತ್ತವೆ, ಅಲಗಿನ ಹತ್ತಿರ ಬಂದಂತೆ ತೆಳು. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು ಮತ್ತು ಅಲಗು ಎರಡೇ ಕಲ್ಲಿಗೆ ತಾಗುತ್ತವೆ. ಅಂದರೆ ಕೋನವನ್ನು ಕೈ ನಿರ್ಧರಿಸಬೇಕಾಗಿಲ್ಲ, ಕತ್ತಿಯ ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸಿಟ್ಟಿರುತ್ತದೆ. ಬೆನ್ನನ್ನು ಎತ್ತಿದ ಕ್ಷಣ ಆ ಲೆಕ್ಕವೆಲ್ಲ ಕೆಟ್ಟಿತು. ನಾನು ಮಾಡಿದ್ದು ಅದನ್ನೇ.

ಕಲ್ಲಿನ ಮೇಲೆ ಅಲಗು ಮುಂದಾಗಿ ಸಾಗಬೇಕು, ಕಲ್ಲಿನ ಮೈಯಿಂದ ತೆಳುವಾದ ಪದರವೊಂದನ್ನು ಹೆರೆಯುವವರಂತೆ. ತೊಗಲಿನ ಮೇಲೆ ಇದು ತಿರುವುಮುರುವು: ಬೆನ್ನು ಮುಂದೆ, ಅಲಗು ಹಿಂದೆ. ತಪ್ಪಿ ಅಲಗು ಮುಂದೆ ಹೋದರೆ ಪಟ್ಟಿಯೇ ಸೀಳುತ್ತದೆ. ತುದಿಗೆ ಬಂದಾಗ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಬೇಕು, ಅಲಗಿನ ಮೇಲಲ್ಲ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ತೊಗಲು ಕುಳಿ ಬಿದ್ದು ಅಲಗಿನ ಅಂಚು ಗುಂಡಗಾಗುತ್ತದೆ. ಭಾರ ಹಾಕುವಂತಿಲ್ಲ, ಕತ್ತಿಯ ತೂಕವೇ ಸಾಕು. ಕೈ ತೂಕ ಬಿಟ್ಟಾಗ ಒಂದು ಹದವಾದ ಸದ್ದು ಬರುತ್ತದೆ. ಅಪ್ಪ ಕಣ್ಣು ಬೇರೆಲ್ಲೋ ಇಟ್ಟು ಆ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಿದ್ದರು. ‘ಒತ್ತಬೇಡ ಕಣೋ’ ಎಂಬ ಮಾತನ್ನು ಆ ವಾರ ನೂರು ಸಲವಾದರೂ ಕೇಳಿದ್ದೇನೆ.

ನನ್ನ ತಕರಾರು ಇರುವುದು ಇಲ್ಲೇ. ಹರಿತ ಎಂದರೆ ನಮ್ಮ ವಯಸ್ಸಿನವರಿಗೆ ಕಲ್ಲು ನೆನಪಾಗುತ್ತದೆ. 1000, 4000, 8000 ಎಂದು ಕಲ್ಲುಗಳ ಪಟ್ಟಿ ಮಾಡಿ ಕೊಳ್ಳುವವರಿದ್ದಾರೆ. ಕತ್ತಿ ಸ್ವಲ್ಪ ಎಳೆಯಿತು ಎಂದರೆ ಸಾಕು, ಕಲ್ಲಿಗೆ ಓಡುತ್ತಾರೆ. ಪ್ರತಿ ಸಲವೂ ಉಕ್ಕು ಸವೆಯುತ್ತದೆ, ಕತ್ತಿಯ ಆಯುಸ್ಸು ಕಡಿಮೆಯಾಗುತ್ತದೆ. ಸರಿಯಾಗಿ ಕೂರಿಸಿದ ಅಲಗಿಗೆ ಕಲ್ಲು ಬೇಕಾಗುವುದು ತಿಂಗಳುಗಳಿಗೊಮ್ಮೆ. ದಿನವೂ ಬೇಕಾದದ್ದು ತೊಗಲು. ನಾನು ಬೋಳಿಸುವ ಮುನ್ನ ಮೊದಲು ದಪ್ಪ ಬಟ್ಟೆಯ ಮೇಲೆ ಇಪ್ಪತ್ತು ಸಲ, ಆಮೇಲೆ ತೊಗಲಿನ ಮೇಲೆ ಐವತ್ತು ಸಲ ಆಡಿಸುತ್ತೇನೆ. ಎರಡು ನಿಮಿಷವೂ ಹಿಡಿಯುವುದಿಲ್ಲ. ಆ ಎರಡು ನಿಮಿಷವನ್ನು ತಪ್ಪಿಸಿ ತಿಂಗಳಿಗೊಮ್ಮೆ ಕಲ್ಲಿನಲ್ಲಿ ಗಂಟೆಗಟ್ಟಲೆ ಉಜ್ಜುವುದು ನಮ್ಮ ಪರೀಕ್ಷೆಯ ಹಿಂದಿನ ರಾತ್ರಿಯ ಓದಿನ ಹಾಗೆ (ಅನುಭವದಿಂದಲೇ ಹೇಳುತ್ತಿದ್ದೇನೆ).

ಅಷ್ಟು ಮೆತ್ತಗಿನ ಕೂದಲು ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಎಂಬ ಪ್ರಶ್ನೆ ನನಗೂ ಇತ್ತು. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದ್ದಾರೆ. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಕೂದಲು ಬಾಗಿ ಅಲಗಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ ಅಂಚಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆ ಏಳುತ್ತದಂತೆ. ಅವರು ಪರೀಕ್ಷಿಸಿದ್ದು ಬಳಸಿ ಎಸೆಯುವ ಬ್ಲೇಡುಗಳನ್ನು. ಆದರೆ ಓದಿದಾಗ ನನಗೆ ಅಪ್ಪನ ಮಾತು ನೆನಪಾಯಿತು. ಗಡ್ಡ ನೆನೆಯದೆ ಕತ್ತಿ ಇಡಬಾರದು, ಕೂದಲು ಬಗ್ಗದಂತೆ ಚರ್ಮವನ್ನು ಇನ್ನೊಂದು ಕೈಯಲ್ಲಿ ಎಳೆದು ಹಿಡಿಯಬೇಕು ಎಂದು ಅವರು ಹೇಳುತ್ತಲೇ ಇದ್ದರು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ಎಷ್ಟೋ ಸಲೀಸಾಗಿ ತುಂಡಾಗುತ್ತದೆ. ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಹಿಡಿದರೆ ಮುಖಕ್ಕೂ ಒಳ್ಳೆಯದು, ಅಲಗಿಗೂ ಒಳ್ಳೆಯದು.

ಇನ್ನೊಂದು ಶತ್ರು ತುಕ್ಕು. ನಮ್ಮದು ಮಲೆನಾಡಿನ ಅಂಚಿನ ಊರು, ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಹಳೆಯ ಕತ್ತಿಗಳು ಸ್ಟೇನ್‌ಲೆಸ್ ಅಲ್ಲ. ಒಂದು ಹನಿ ನೀರು ಉಳಿದರೂ ಅಂಚಿನಲ್ಲಿ ಕಂದು ಚುಕ್ಕೆ ಏಳುತ್ತದೆ, ಅಲ್ಲಿಂದ ಅಲಗು ಉದುರುತ್ತದೆ. ಒರೆಸಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಬಚ್ಚಲಿನಿಂದ ದೂರ ಇಡಬೇಕು. ನಮ್ಮ ಮನೆಯಲ್ಲಿ ಅದರ ಜಾಗ ದೇವರ ಗೂಡಿನ ಪಕ್ಕದ ಕಪಾಟು. ಅಮ್ಮನಿಗೆ ಇದು ಅಷ್ಟಾಗಿ ಹಿಡಿಸಿಲ್ಲ.

ಇದನ್ನೆಲ್ಲ ಓದಿ ಈಗಲೇ ಆನ್‌ಲೈನ್‌ನಲ್ಲಿ ಕತ್ತಿ ತರಿಸಬೇಡಿ. ಅಗ್ಗಕ್ಕೆ ಬರುವ ಎಷ್ಟೋ ಕತ್ತಿಗಳು ನೋಟಕ್ಕೆ ಮಾತ್ರ, ಅವುಗಳ ಉಕ್ಕಿನಲ್ಲಿ ಅಂಚು ನಿಲ್ಲುವುದಿಲ್ಲ. ಗಂಡಸುತನದ ಹಿನ್ನೆಲೆ ಸಂಗೀತ ಹಾಕಿದ ರೀಲ್ಸ್‌ಗಳನ್ನಂತೂ ನಂಬಲೇಬೇಡಿ. ಸಂದರ್ಶನದ ಬೆಳಗ್ಗೆ ಮೊದಲ ಪ್ರಯೋಗ ಬೇಡ. ನಾನು ಮೊದಲ ಎರಡು ವಾರ ಕೆನ್ನೆ ಮಾತ್ರ ಬೋಳಿಸಿ, ಉಳಿದದ್ದನ್ನು ಹಳೆಯ ರೇಜರ್‌ಗೆ ಬಿಟ್ಟಿದ್ದೆ. ಆದರೂ ಪಟಿಕದ ಕಲ್ಲು ಅರ್ಧ ಸವೆಯಿತು. ಈಗ ಕುತ್ತಿಗೆಯ ಗುಳ್ಳೆ ಬಹುತೇಕ ಹೋಗಿದೆ, ಗಲ್ಲ ಸಂಜೆಯವರೆಗೂ ನುಣುಪಾಗಿರುತ್ತದೆ. ಬೆಳಗ್ಗೆ ಹದಿನೈದು ನಿಮಿಷ ಹೋಗುತ್ತದೆ ಎಂಬುದೂ ನಿಜ. ಅಷ್ಟು ಸಮಯವಿಲ್ಲದವರು ಒಂದೇ ಬ್ಲೇಡಿನ ಸಾದಾ ರೇಜರ್ ಬಳಸಿ. ಜಿಲೆಟ್ ಎಂಬಾತ ಬ್ಲೇಡ್ ಎಸೆಯುವ ರೇಜರ್‌ಗೆ 1904ರಲ್ಲಿ ಪೇಟೆಂಟ್ ಪಡೆದದ್ದೇ ನಿಮ್ಮಂಥವರಿಗಾಗಿ.

ನನಗೆ ಕಾಡುವುದು ಬೇರೆ. ಮೆಟಲರ್ಜಿ ಪತ್ರಿಕೆಯಲ್ಲಿ ಮಾರ್ಟೆನ್ಸೈಟ್ ಬಗ್ಗೆ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದ ನನಗೆ ಒಂದು ಅಲಗನ್ನು ಕಾಪಾಡಲು ಬರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ಅಪ್ಪನಿಗೆ ಅದು ಬರುತ್ತದೆ. ಕಲ್ಲಿನ ಗ್ರಿಟ್ ಎಷ್ಟು ಎಂದು ಕೇಳಿದರೆ ‘ನಯ’ ಎನ್ನುತ್ತಾರೆ, ಅಷ್ಟೇ. ಆ ವಿದ್ಯೆಗೆ ಅಂಕಪಟ್ಟಿ ಇಲ್ಲ. ಅಂಗಡಿಯಲ್ಲೂ ಈಗ ಅದಕ್ಕೆ ಕೆಲಸವಿಲ್ಲ. ಅದನ್ನು ಮಾಡುವವರ ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವವರು ಮಾತ್ರ ಕಾಲೇಜಿನ ಕ್ಯಾಂಟೀನಿನಲ್ಲೂ ಇದ್ದರು. ನಾನೂ ಅವರ ಜತೆ ನಕ್ಕಿದ್ದೇನೆ, ಗೊತ್ತಾಗಬಾರದೆಂದು. ನಿಮ್ಮ ಮನೆಯಲ್ಲೂ ಉಳಿ, ಕತ್ತರಿ, ಮಗ್ಗ, ಕುಲುಮೆ ಹಿಡಿದವರು ಇರಬಹುದು. ಅವರ ಕೈಯಲ್ಲಿರುವುದನ್ನು ಒಂದು ತಿಂಗಳು ಕೂತು ಕಲಿತು ನೋಡಿ. ಕಲಿಸುವ ಕೈ ಇನ್ನು ಎಷ್ಟು ದಿನ ನಡುಗದೆ ಇರುತ್ತದೋ!

ಹೋದ ವಾರ ಇನ್ನೊಂದು ಅರ್ಜಿ ತುಂಬಿದೆ. ತಂದೆಯ ಉದ್ಯೋಗ ಎಂಬ ಕಡೆ ‘ಕ್ಷೌರಿಕ’ ಎಂದು ಬರೆದೆ. ಕೆಲಸ ಸಿಗುತ್ತದೋ ಇಲ್ಲವೋ. ಟೂಲ್ ವೇರ್‌ಗೆ ಉದಾಹರಣೆ ಕೇಳಿದರೆ ಈ ಸಲ ಅರ್ಧ ಗಂಟೆ ಮಾತಾಡುವಷ್ಟು ಸರಕು ಇದೆ.

ಬಲಗಡೆ ದವಡೆಯ ಕೆಳಗೆ, ಕೂದಲು ಸುಳಿ ತಿರುಗುವ ಜಾಗದಲ್ಲಿ, ನನ್ನ ಕೈ ಈಗಲೂ ತಪ್ಪುತ್ತದೆ. ಅಲ್ಲಿಗೆ ಬಂದಾಗ ಅಪ್ಪನನ್ನೇ ಕರೆಯುತ್ತೇನೆ.