ಕ್ಯಾಂಪಸ್ ಸಂದರ್ಶನ: ತಯಾರಿ ಮನೆಯಿಂದಲೇ ಆರಂಭವಾಗಲಿ



ನಮ್ಮ ಮದ್ರಸದಲ್ಲಿ ಕಲಿತು ಹೋದ ಹುಡುಗಿಯೊಬ್ಬಳ ತಾಯಿ ಮೊನ್ನೆ ಮನೆಗೆ ಬಂದಿದ್ದರು. "ಟೀಚರೇ, ಮಗಳಿಗೆ ಎಂಟರ ಮೇಲೆ ಸಿಜಿಪಿಎ ಇದೆ. ಆದರೂ ಕಾಲೇಜಿಗೆ ಬಂದ ಮೂರು ಕಂಪೆನಿಗಳಲ್ಲೂ ಆಯ್ಕೆಯಾಗಲಿಲ್ಲ. ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ನೀವೊಮ್ಮೆ ಮಾತಾಡಿ" ಎಂದರು. ಮಗಳ ಫೀಸಿಗಾಗಿ ಬಳೆ ಅಡವಿಟ್ಟ ತಾಯಿ ಆಕೆ. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.

ನಾನು ಅರಬಿ ವ್ಯಾಕರಣ ಕಲಿತು, ಆಮೇಲೆ ಬಿ.ಎ. ಮಾಡಿದವಳು. ಸಾಫ್ಟ್‌ವೇರ್ ನನ್ನ ವಿಷಯವಲ್ಲ. ಆದರೂ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರೂ ಕಡೆ ಏನಾಯಿತೆಂದು ಸಾವಧಾನವಾಗಿ ಕೇಳಿದೆ. ಅವಳು ಹೇಳಿದ್ದು ಮಕ್ಕಳನ್ನು ಇಂಜಿನಿಯರಿಂಗ್‌ಗೆ ಕಳುಹಿಸಿದ ಎಲ್ಲ ತಾಯಂದಿರಿಗೂ ತಿಳಿದಿರಬೇಕೆನಿಸಿತು.

ಮೊದಲ ಕಂಪೆನಿಯಲ್ಲಿ ಅವಳು ಆಪ್ಟಿಟ್ಯೂಡ್ ಟೆಸ್ಟ್‌ನಲ್ಲೇ ಹೊರಬಿದ್ದಿದ್ದಳು. ಇದು ಗಣಿತ, ತರ್ಕ ಮತ್ತು ಇಂಗ್ಲಿಷ್‌ನ ಪರೀಕ್ಷೆ. "ಒಂದು ಕೆಲಸವನ್ನು ಒಬ್ಬನು 12 ದಿನಗಳಲ್ಲಿ, ಇನ್ನೊಬ್ಬನು 6 ದಿನಗಳಲ್ಲಿ ಮುಗಿಸುತ್ತಾನೆ. ಇಬ್ಬರೂ ಸೇರಿದರೆ ಎಷ್ಟು ದಿನ?" ಇಂಥ ಪ್ರಶ್ನೆಗಳು. ಹೈಸ್ಕೂಲಿನ ಲೆಕ್ಕವೇ. 4 ದಿನ ಎಂಬ ಉತ್ತರ ಅವಳಿಗೂ ಬರುತ್ತದೆ, ಆದರೆ ಮೂರು ನಿಮಿಷ ಬೇಕು. ಪರೀಕ್ಷೆಯಲ್ಲಿ ಸಿಗುವುದು ಸುಮಾರು ಒಂದು ನಿಮಿಷ. ಶೇಕಡಾವಾರು, ಅನುಪಾತ, ವೇಗ-ದೂರ, ಲಾಭ-ನಷ್ಟ ಇವುಗಳನ್ನು ಐದನೇ ಸೆಮಿಸ್ಟರ್‌ನಿಂದಲೇ ದಿನಕ್ಕೆ ಅರ್ಧ ಗಂಟೆ ಗಡಿಯಾರವಿಟ್ಟು ಬಿಡಿಸಬೇಕು. ಗಡಿಯಾರ ನೋಡಲು ತಾಯಿಗೆ ಇಂಜಿನಿಯರಿಂಗ್ ಗೊತ್ತಿರಬೇಕಾಗಿಲ್ಲ.

ಎರಡನೇ ಕಂಪೆನಿಯಲ್ಲಿ ತಾಂತ್ರಿಕ ಸಂದರ್ಶನದವರೆಗೆ ಹೋಗಿದ್ದಳು. ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ ಬರೆಯಲು ಹೇಳಿದರು. ನಮ್ಮ 'ಗದಗ' ಇದೆಯಲ್ಲ, ಹಾಗೆ. ಅವಳು ಕಣ್ಣು ಮುಚ್ಚಿ ಬರೆದಳು, ಏಕೆಂದರೆ ಬಾಯಿಪಾಠವಾಗಿತ್ತು. ಆಗ ಸಂದರ್ಶಕರು, "ಪದದ ಬದಲು ಒಂದು ವಾಕ್ಯ ಕೊಟ್ಟರೆ? ನಡುವಿನ ಖಾಲಿ ಜಾಗಗಳನ್ನು ಬಿಟ್ಟು ನೋಡಬೇಕು" ಎಂದರು. ಅಲ್ಲಿಗೆ ಕೈ ನಿಂತಿತು.

ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದು ಒಂದಕ್ಷರ ಬದಲಾದರೂ ಕೈಕೊಡುತ್ತದೆ. ಸಿ, ಜಾವಾ ಅಥವಾ ಪೈಥಾನ್, ಯಾವುದಾದರೂ ಒಂದು ಭಾಷೆಯನ್ನು ಚೆನ್ನಾಗಿ ಕಲಿತರೆ ಸಾಕು. ಅರೇ, ಸ್ಟ್ರಿಂಗ್, ಲಿಂಕ್ಡ್ ಲಿಸ್ಟ್, ಸ್ಟ್ಯಾಕ್, ಸಾರ್ಟಿಂಗ್ ಇವುಗಳ ಮೇಲೆ ದಿನಕ್ಕೆರಡು ಸಮಸ್ಯೆಗಳನ್ನು ಸ್ವತಃ ಬಿಡಿಸಲಿ. ಹಿಫ್ಝ್ ಮಾಡುವ ಮಕ್ಕಳು ಹೊಸ ಪಾಠಕ್ಕೆ ಮುಂಚೆ ಹಳೆಯದನ್ನು ಒಪ್ಪಿಸುವಂತೆ, ಹಳೆಯ ಸಮಸ್ಯೆಯನ್ನು ವಾರದ ನಂತರ ನೋಡದೆ ಮತ್ತೆ ಬರೆಯಲಿ. ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ಇವುಗಳ ಮೂಲ ಪಾಠಗಳನ್ನೂ ಕೇಳುತ್ತಾರೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳನ್ನು ಉಚಿತವಾಗಿ ನೋಡಬಹುದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರೋಗ್ರಾಂ ಬರೆಸಿಕೊಳ್ಳುವುದು ಸುಲಭವಾಗಿದೆ. ತಪ್ಪು ಎಲ್ಲಿದೆಯೆಂದು ಕೇಳಿ ಕಲಿಯಲು ಅದು ಒಳ್ಳೆಯದು. ಸಂದರ್ಶನದ ಕುರ್ಚಿಯಲ್ಲಿ ಮಾತ್ರ ಮಗಳು ಒಬ್ಬಳೇ ಕುಳಿತಿರುತ್ತಾಳೆ.

ಪ್ರಾಜೆಕ್ಟ್ ಬಗ್ಗೆಯೂ ಒಂದು ಮಾತು. ನಾಲ್ವರು ಸೇರಿ ಮಾಡಿದ್ದರೆ "ನೀನು ಮಾಡಿದ್ದೇನು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಣ ಕೊಟ್ಟು ತಂದ ಪ್ರಾಜೆಕ್ಟ್ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಬಯೋಡೇಟಾದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯುವುದು ಸುಳ್ಳೇ. ಅನ್ನದ ದಾರಿ ಸುಳ್ಳಿನಿಂದ ಆರಂಭವಾಗದಿರಲಿ.

ಇನ್ನು ಮೂರನೆಯ ಕಂಪೆನಿ. ಇದನ್ನು ಹೇಳುವಾಗ ಹುಡುಗಿ ತಾಯಿಯ ಮುಖ ನೋಡಲಿಲ್ಲ. ಎಲ್ಲ ಸುತ್ತುಗಳನ್ನೂ ದಾಟಿ ಕೊನೆಯ ಎಚ್‌ಆರ್ ಸಂದರ್ಶನಕ್ಕೆ ಹೋಗಿದ್ದಳು. "ತರಬೇತಿಗೆ, ಕೆಲಸಕ್ಕೆ ಬೇರೆ ಊರಿಗೆ ಹೋಗಲು ಸಿದ್ಧಳಿದ್ದೀಯಾ?" ಎಂದು ಕೇಳಿದರು. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದಳು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಸಹೋದರಿಯರೇ, ಆ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು. ನಾಲ್ಕು ವರ್ಷ ಫೀಸು ಕಟ್ಟಿ, ಕೊನೆಯ ಬಾಗಿಲಲ್ಲಿ ಮಗಳ ಬಾಯಿಗೆ "ಮನೆಯಲ್ಲಿ ಕೇಳಬೇಕು" ಎಂಬ ಮಾತನ್ನು ಇಟ್ಟವರೂ ನಾವೇ. ತಂದೆ, ಅಣ್ಣಂದಿರು ಎಲ್ಲರೂ ಕೂತು ಮೊದಲೇ ಮಾತಾಡಿಕೊಳ್ಳಿ. ಬೆಂಗಳೂರಿಗೆ ಕಳುಹಿಸುತ್ತೀರಾ? ಹಾಸ್ಟೆಲ್ಲೋ, ಸಂಬಂಧಿಕರ ಮನೆಯೋ? ಮೈಸೂರಿನ ಇನ್ಫೋಸಿಸ್ ಕೇಂದ್ರದಂತೆ ಅಲ್ಲೇ ಉಳಿದು ಕಲಿಯುವ ತರಬೇತಿಯಾದರೆ? ರಾತ್ರಿ ಪಾಳಿ ಬಂದರೆ? ಒಪ್ಪಿಗೆಯೋ ಇಲ್ಲವೋ, ಆರನೇ ಸೆಮಿಸ್ಟರ್‌ಗೆ ಮುಂಚೆಯೇ ಸ್ಪಷ್ಟವಾಗಿ ಹೇಳಿ. ಇಲ್ಲವೆಂದಾದರೆ ಅವಳು ಬೇರೆ ದಾರಿಯನ್ನಾದರೂ ಹುಡುಕಿಯಾಳು.

ಮನೆಯಲ್ಲಿ ನಾವು ಮಾಡಬಹುದಾದ್ದು ಇನ್ನೂ ಇದೆ. ಹಲವು ಪರೀಕ್ಷೆಗಳು ಈಗ ಮನೆಯಿಂದಲೇ ಆನ್‌ಲೈನ್‌ನಲ್ಲಿ ನಡೆಯುತ್ತವೆ. ಕ್ಯಾಮರಾ ನೋಡುತ್ತಿರುತ್ತದೆ, ಮೈಕ್ ಕೇಳುತ್ತಿರುತ್ತದೆ. ಪ್ರೀತಿಯಿಂದ ಚಹಾ ತಂದಿಟ್ಟರೂ 'ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ' ಎಂದು ದಾಖಲಾಗಬಹುದು. ಆ ಎರಡು ಮೂರು ಗಂಟೆ ಕೋಣೆಯ ಬಾಗಿಲು ಮುಚ್ಚಿರಲಿ, ಚಿಕ್ಕ ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸಿ. ಅಂಕಗಳ ಕಡೆಗೂ ಗಮನವಿರಲಿ. ಅನೇಕ ಕಂಪೆನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಇಂಜಿನಿಯರಿಂಗ್ ಮೂರರಲ್ಲೂ ಶೇ. 60 ಕೇಳುತ್ತವೆ. ಬಾಕಿ ವಿಷಯಗಳಿರಬಾರದು ಎನ್ನುತ್ತವೆ.

ಎರಡು ಎಚ್ಚರಿಕೆಗಳು. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯೋಗ್ಯ ಕಂಪೆನಿಗಳು ಅಭ್ಯರ್ಥಿಗಳಿಂದ ಹಣ ಪಡೆಯುವುದಿಲ್ಲ. ಹಾಗೆಯೇ, ಬಾಂಡ್ ಇದ್ದರೆ ಅದರ ಅವಧಿ ಮತ್ತು ಮೊತ್ತವನ್ನು ಓದಿ ತಿಳಿದ ಮೇಲಷ್ಟೇ ಸಹಿ ಹಾಕಲಿ.

ಕ್ಯಾಂಪಸ್‌ನಲ್ಲಿ ಆಗದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. 2021-22ರಲ್ಲಿ ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಂಡ ಕಂಪೆನಿಗಳೇ 2023-24ರಲ್ಲಿ ಕೈ ಬಿಗಿಹಿಡಿದವು. ಆ ವರ್ಷ ಒಳ್ಳೆಯ ವಿದ್ಯಾರ್ಥಿಗಳೂ ಕಾದರು. ಕಾಲೇಜಿನ ಹೊರಗಿನಿಂದಲೂ ಅರ್ಜಿ ಹಾಕಬಹುದು, ಪರೀಕ್ಷೆ ಬರೆಯಬಹುದು.

ಆ ದಿನ ಹೊರಡುವ ಮುನ್ನ ತಾಯಿ ಮಗಳ ಕಡೆಗೆ ತಿರುಗಿ, "ಮುಂದಿನ ಸಲ ಕೇಳಿದರೆ ಹೋಗುತ್ತೇನೆ ಎನ್ನು. ಬಾಪನ ಹತ್ತಿರ ನಾನು ಮಾತಾಡುತ್ತೇನೆ" ಎಂದರು. ಅಂದು ರಾತ್ರಿ ಅವಳು ಹೊಟ್ಟೆ ತುಂಬ ಊಟ ಮಾಡಿದಳಂತೆ. ನಾಲ್ಕನೇ ಕಂಪೆನಿ ಮುಂದಿನ ವಾರ ಬರುತ್ತದೆ. ನೀವೂ ಅವಳಿಗಾಗಿ ದುಆ ಮಾಡಿ. ನಿಮ್ಮ ಮನೆಯ ಮಗಳೊಂದಿಗೆ ಇಂದೇ ಕೂತು ಮಾತಾಡಿ.